ಸೊನ್ನೆ ಒಂದುಗಳ ಲೆಕ್ಕವೂ ಅದರೊಳಗಿನ ನಗೆಯೂ

ಗಣಿತವೆಂದೊಡನೆ ಮುಖ ಬಾಡಿಸಿಕೊಳ್ಳುವವರೇ ಲೋಕದಲ್ಲಿ ಬಹುಮಂದಿ. ಲೆಕ್ಕದ ಪುಸ್ತಕದೊಳಗೆ ನಗೆಗೂ ಎಡೆಯುಂಟೆಂದರೆ ನಂಬುವವರು ಇನ್ನೂ ಕಡಮೆ. ಆದರೂ ಗಣಕಯಂತ್ರಗಳ ಉದ್ಯೋಗದಲ್ಲಿರುವವರ ನಡುವೆ ಒಂದು ಚಟಾಕಿಯು ಬಹುಕಾಲದಿಂದ ಬಳಕೆಯಲ್ಲಿದೆ. ಬೆಂಗಳೂರು, ಹೈದರಾಬಾದು ಮೊದಲಾದ ನಗರಗಳಲ್ಲಿ ಆ ಉದ್ಯೋಗವನ್ನು ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅದನ್ನು ಚೆನ್ನಾಗಿ ಬಲ್ಲರು. ಅವರ ತಾಯಿತಂದೆಗಳಿಗೆ ಮಾತ್ರ ಅದು ಒಗಟಾಗಿಯೇ ಉಳಿದಿದೆ. ಆ ಚಟಾಕಿಯು ಹೀಗಿದೆ:

"ಈ ಲೋಕದಲ್ಲಿ ಜನರು ೧೦ ಬಗೆಯವರು: ದ್ವಿಮಾನ ಸಂಖ್ಯೆಗಳನ್ನು ಬಲ್ಲವರು, ಅರಿಯದವರು."

ಇದನ್ನು ಓದಿದವರು, ಎರಡೇ ಬಗೆಯನ್ನು ಹೆಸರಿಸಿ ಹತ್ತೆಂದು ಬರೆದದ್ದೇಕೆ, ಉಳಿದ ಎಂಟು ಬಗೆಯವರು ಎಲ್ಲಿಗೆ ಹೋದರು ಎಂದು ಕೇಳುವುದು ನ್ಯಾಯವೇ ಆಗಿದೆ. ಆ ಎಂಟು ಬಗೆಯವರನ್ನು ಹುಡುಕಿಕೊಡುವುದೇ ಈ ಲೇಖನದ ಉದ್ದೇಶ. ನಗೆಮಾತನ್ನು ಬಿಡಿಸಿ ಹೇಳಿದರೆ ಸ್ವಾರಸ್ಯವು ಕೆಡುವುದೆಂದು ಹೇಳುವರು. ಕತೆಗಾರರಿಗೆ ಅದು ನಿಜವಾಗಿರಬಹುದು. ಉಪಾಧ್ಯಾಯಿನಿಯರಾದವರು ಆ ಭಯವನ್ನಿಟ್ಟುಕೊಂಡರೆ ಪಾಠವೇ ನಡೆಯದು.

ಮೊದಲು ತಿಳಿಯತಕ್ಕದ್ದೇನಂದರೆ, ಸಂಖ್ಯೆಯು ಬೇರೆ, ಅದನ್ನು ಬರೆದು ತೋರಿಸುವ ಕ್ರಮವು ಬೇರೆ. ಅಂಗಳದಲ್ಲಿ ಹದಿಮೂರು ಆಡುಗಳು ನಿಂತಿದ್ದರೆ ನಾವು ಹೇಗೆ ಬರೆದರೂ ಅವು ಅಷ್ಟೇ ಆಡುಗಳು. ೧೩ ಎಂದು ಬರೆಯುವಾಗ ನಾವು ಹೇಳುವುದು ಇಷ್ಟೇ: ಹತ್ತರ ಕಟ್ಟು ಒಂದು, ಬಿಡಿ ಮೂರು. ಪ್ರಾಥಮಿಕ ತರಗತಿಯಲ್ಲಿ ಹುಣಿಸೆಬೀಜಗಳನ್ನೋ ಕಡ್ಡಿಗಳನ್ನೋ ಹತ್ತು ಹತ್ತಾಗಿ ಗುಂಪುಮಾಡಿದ್ದು ಎಲ್ಲರ ನೆನಪಿನಲ್ಲಿಯೂ ಇರಬಹುದು. ಹತ್ತು ಬಿಡಿಗಳಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ನೂರು, ಹತ್ತು ನೂರಕ್ಕೆ ಒಂದು ಸಾವಿರ. ಇದಕ್ಕೆ ದಶಮಾನ ಪದ್ಧತಿಯೆಂದು ಹೆಸರು. ಹತ್ತನ್ನೇ ಏಕೆ ಆರಿಸಿಕೊಂಡರೆಂದರೆ, ಮನುಷ್ಯನ ಕೈಬೆರಳುಗಳು ಹತ್ತಾಗಿರುವುದೇ ಅದಕ್ಕೆ ಮೂಲವೆಂದು ಸಾಮಾನ್ಯವಾಗಿ ಹೇಳುವರು. ಸಂಖ್ಯೆಯ ಸ್ವಭಾವದಲ್ಲಿ ಹತ್ತಕ್ಕೆ ಅಂಥ ಹಿರಿಮೆಯೇನೂ ಇಲ್ಲ.

ಈಗ ಹತ್ತರ ಬದಲಾಗಿ ಎರಡೆರಡರಂತೆ ಕಟ್ಟಿ ನೋಡೋಣ. ಎರಡು ಬಿಡಿಗಳಾದೊಡನೆ ಒಂದು ಜೋಡಿ. ಎರಡು ಜೋಡಿಗಳಾದೊಡನೆ ನಾಲ್ಕರ ಕಟ್ಟು. ಅಂಥವು ಎರಡಾದೊಡನೆ ಎಂಟರ ಕಟ್ಟು. ಹದಿಮೂರು ಬೀಜಗಳನ್ನು ಹೀಗೆ ಕಟ್ಟಿದರೆ ಎಂಟರ ಕಟ್ಟು ಒಂದು, ನಾಲ್ಕರ ಕಟ್ಟು ಒಂದು, ಜೋಡಿ ಇಲ್ಲ, ಬಿಡಿ ಒಂದು. ಬರೆಯುವುದು ೧೧೦೧ ಎಂದು. ಯಾವ ಕಟ್ಟಾದರೂ ಎರಡಾದ ಕೂಡಲೇ ಮೇಲಿನ ಕಟ್ಟಿಗೆ ಸೇರಿಹೋಗುವುದರಿಂದ ಒಂದೊಂದು ಸ್ಥಾನದಲ್ಲಿ 'ಇದೆ' ಅಥವಾ 'ಇಲ್ಲ' ಎಂಬ ಎರಡೇ ಸಂಗತಿಗಳು ಸಾಧ್ಯ. ಆದಕಾರಣ ೧ ಮತ್ತು ೦ ಎಂಬ ಎರಡು ಅಂಕೆಗಳ ಹೊರತು ಬೇರೆ ಅಂಕೆಯೇ ಬೇಕಾಗದು. ಒಂದರಿಂದ ಎಂಟರ ವರೆಗೆ ಎಣಿಸಿದರೆ ೧, ೧೦, ೧೧, ೧೦೦, ೧೦೧, ೧೧೦, ೧೧೧, ೧೦೦೦ ಎಂದಾಗುವುದು. ಇದೇ ದ್ವಿಮಾನ ಪದ್ಧತಿ.

ಎರಡನೆಯ ಸಂಖ್ಯೆಯನ್ನು ಗಮನಿಸಿರಿ. ಜೋಡಿ ಒಂದು, ಬಿಡಿ ಇಲ್ಲ. ಎಂದರೆ ದ್ವಿಮಾನದಲ್ಲಿ ೧೦ ಎಂದು ಬರೆದದ್ದು ನಮ್ಮ ಎರಡೇ. ಚಟಾಕಿಯಲ್ಲಿ ಕಾಣೆಯಾಗಿದ್ದ ಎಂಟು ಬಗೆಯವರು ಎಂದೂ ಇರಲೇ ಇಲ್ಲ. ಈ ನಗೆಯು ಬರಹಕ್ಕೆ ಮಾತ್ರ ಸೇರಿದ್ದೆಂಬುದನ್ನೂ ಗಮನಿಸಬೇಕು. ಬಾಯಲ್ಲಿ 'ಹತ್ತು ಬಗೆ' ಎಂದರೆ ತಪ್ಪಾಗುವುದು, 'ಎರಡು ಬಗೆ' ಎಂದರೆ ಸಪ್ಪೆಯಾಗುವುದು. ಇದನ್ನು ಓದಿ ನಗುವವರು ತಾವು ಮೊದಲನೆಯ ಬಗೆಯವರೆಂದೂ, ಹುಬ್ಬುಗಂಟಿಕ್ಕುವವರು ಎರಡನೆಯ ಬಗೆಯವರೆಂದೂ ತಾವಾಗಿಯೇ ಒಪ್ಪಿಕೊಂಡಂತಾಗುವುದು. ಇಷ್ಟು ಚಿಕ್ಕ ಪರೀಕ್ಷೆಯನ್ನು ಯಾವ ಪರೀಕ್ಷಾ ಮಂಡಲಿಯೂ ಏರ್ಪಡಿಸಿದಂತಿಲ್ಲ.

ನಮ್ಮ ಶಾಲೆಯ ಬಾಲಿಕೆಯರಿಗೆ ಈ ಪಾಠವಾದ ಮೇಲೆ ಅಭ್ಯಾಸಕ್ಕಾಗಿ ನನ್ನ ವಯಸ್ಸನ್ನು ಕರಿಹಲಗೆಯ ಮೇಲೆ ೧೦೧೧೦೧ ಎಂದು ಬರೆದೆನು. ಒಂದು ಲಕ್ಷ ದಾಟಿದ ಮುಖ್ಯೋಪಾಧ್ಯಾಯಿನಿಯನ್ನು ಕಂಡು ಹಿಂದಿನ ಬೆಂಚಿನವರು ನಕ್ಕರು. ಮುಂದಿನ ಬೆಂಚಿನವರು ಮೂವತ್ತೆರಡು, ಹದಿನಾರು, ಎಂಟು ಎಂದು ಸ್ಥಾನಗಳನ್ನು ಎಣಿಸತೊಡಗಿದರು. ವಾಚಕರಲ್ಲಿ ಲೆಕ್ಕ ಮಾಡಿ ನೋಡಿದವರು ಉತ್ತರವನ್ನು ತಮ್ಮಲ್ಲೇ ಇರಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಹುಟ್ಟುಹಬ್ಬದ ದಿನ ವರ್ಷಕ್ಕೊಂದರಂತೆ ಮೇಣದಬತ್ತಿಗಳನ್ನು ಇಡುವ ಮನೆಗಳಿಗೂ ಇದರಿಂದ ಮಿತವ್ಯಯವುಂಟು. ಆರೇ ಬತ್ತಿಗಳನ್ನು ಸಾಲಾಗಿಟ್ಟು ಬೇಕಾದವುಗಳನ್ನು ಮಾತ್ರ ಹೊತ್ತಿಸಿದರೆ ಅರುವತ್ತಮೂರು ವರ್ಷಗಳ ವರೆಗಿನ ಯಾವ ವಯಸ್ಸನ್ನಾದರೂ ತೋರಿಸಬಹುದು.

ಮಗ್ಗಿಯ ವಿಷಯದಲ್ಲಿಯೂ ಲಾಭವು ಸಣ್ಣದಲ್ಲ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಒಂದೊಂದಲ ಒಂದು. ದ್ವಿಮಾನದ ಮಗ್ಗಿಪುಸ್ತಕವು ಅಲ್ಲಿಗೆ ಮುಗಿಯಿತು. ಈ ಸಂಗತಿಯನ್ನು ಕೇಳಿದ ದಿನ ಮಕ್ಕಳಿಗಾಗುವ ಸಂತೋಷವು ವರ್ಣಿಸಲಾಗದು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ನಮ್ಮ ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದಿಂದ ಬಿಡುಗಡೆಹೊಂದಿ ಕನ್ನಡಿಗರ ಏಕೀಕೃತ ರಾಜ್ಯವನ್ನು ಸೇರಿದ ೧೯೫೬ನೆಯ ಇಸವಿಯನ್ನು ದ್ವಿಮಾನದಲ್ಲಿ ಬರೆಯಬೇಕಾದರೆ ೧೧೧೧೦೧೦೦೧೦೦ ಎಂದು ಹನ್ನೊಂದು ಅಂಕೆಗಳನ್ನು ಜೋಡಿಸಬೇಕು. ಮನುಷ್ಯನ ಕಣ್ಣು ಇಂಥ ಸಾಲಿನಲ್ಲಿ ಬೇಗನೆ ದಾರಿತಪ್ಪುವುದು. ಬೇಸರವನ್ನರಿಯದ ಯಂತ್ರಕ್ಕೆ ಮಾತ್ರ ಇದು ಹಿತ.

ಸ್ಥಾನಕ್ಕೆ ತಕ್ಕಂತೆ ಅಂಕೆಯ ಬೆಲೆಯು ಬದಲಾಗುವ ಈ ಏರ್ಪಾಡು ಎಷ್ಟು ದೊಡ್ಡದೆಂಬುದು ಅದಿಲ್ಲದ ಬರಹವನ್ನು ಕಂಡಾಗ ಚೆನ್ನಾಗಿ ತಿಳಿಯುವುದು. ನಮ್ಮ ನೆರೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಗಣಿಯ ಇಂಜಿನಿಯರಾದ ಬೀಡನ್ ಎಂಬವರಿಗೆ ಅಶೋಕನ ಶಿಲಾಶಾಸನವು ದೊರೆತದ್ದು ಸರ್ವರಿಗೂ ತಿಳಿದ ಸಂಗತಿ. ಅದೇ ಬಗೆಯ ಕಿರುಶಾಸನವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇದೆ. ಬ್ರಹ್ಮಗಿರಿಯ ಪಾಠದಲ್ಲಿ ೨೫೬ ಎಂಬ ಸಂಖ್ಯೆಯನ್ನು ಕೆತ್ತಿದ್ದಾರೆ. ಅದರ ಅರ್ಥವನ್ನು ಕುರಿತು ಪಂಡಿತರಲ್ಲಿ ವಾದಗಳುಂಟು. ನಮಗೆ ಬೇಕಾದದ್ದು ಅದನ್ನು ಬರೆದ ಬಗೆ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಸ್ಥಾನಬೆಲೆಯಿಲ್ಲ, ಸೊನ್ನೆಯೂ ಇಲ್ಲ. ವಿನೋದವೇನಂದರೆ, ನಮಗೆ ನೂರು ಸಾವಿರಗಳು ಹೇಗೆ ತುಂಬು ಸಂಖ್ಯೆಗಳೋ ಗಣಕಯಂತ್ರಕ್ಕೆ ೨೫೬ ಹಾಗೆಯೇ ತುಂಬು ಸಂಖ್ಯೆ. ಎರಡನ್ನು ಎಂಟು ಸಲ ಇಟ್ಟು ಗುಣಿಸಿದರೆ ಬರುವುದು ಅದೇ. ದ್ವಿಮಾನದಲ್ಲಿ ಒಂದರ ಮುಂದೆ ಎಂಟು ಸೊನ್ನೆ. ಇದು ಆಕಸ್ಮಿಕವೆಂದು ಹೇಳಬೇಕಾದ್ದಿಲ್ಲ.

ಇದೆಲ್ಲವೂ ಪರದೇಶದ ಹೊಸ ವಿದ್ಯೆಯೆಂದು ಭಾವಿಸುವ ಹಿರಿಯರು ತಮ್ಮ ಮನೆಯ ಹಳೆಯ ಲೆಕ್ಕವನ್ನು ನೆನೆದುಕೊಳ್ಳಲಿ. ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲದಲ್ಲಿ ಅರ್ಧಕ್ಕೆ ಎಂಟಾಣೆ, ಅದರರ್ಧಕ್ಕೆ ಪಾವಲಿ, ಅದರರ್ಧಕ್ಕೆ ಎರಡಾಣೆ, ಅದರರ್ಧಕ್ಕೆ ಒಂದಾಣೆ. ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೂ ಹದಿನಾರೇ ಆಣೆ. ಹದಿಮೂರಾಣೆಯನ್ನು ಎಣಿಸಿ ಕೊಡಬೇಕಾದವರು ಎಂಟಾಣೆ ಒಂದು, ಪಾವಲಿ ಒಂದು, ಎರಡಾಣೆ ಬೇಡ, ಒಂದಾಣೆ ಒಂದು ಎಂದು ಕೊಡುತ್ತಿದ್ದರಲ್ಲವೇ? ಅದು ಮೇಲೆ ಬರೆದ ೧೧೦೧ರ ಹೊರತು ಮತ್ತೇನು? ಕನ್ನಡದ ಭಿನ್ನರಾಶಿಯ ಮಾತುಗಳೂ ಹೀಗೆಯೇ ಇಬ್ಭಾಗವಾಗುತ್ತ ಹೋಗುವವು: ಅರೆ, ಕಾಲು, ಅರೆಕಾಲು, ವೀಸ, ಅರೆವೀಸ. ಮುಕ್ಕಾಲೆಂದರೆ ಅರೆಯೂ ಕಾಲೂ ಕೂಡಿದ್ದು. ಸೇರು, ಅಚ್ಚೇರು, ಪಾವುಸೇರು, ಅದಪಾವು, ಛಟಾಕುಗಳನ್ನು ಬಳಸಿ ಅಡುಗೆಮಾಡಿದ ಅಜ್ಜಿಯರು ಹೆಸರನ್ನು ಕೇಳದೆಯೇ ದ್ವಿಮಾನದಲ್ಲಿ ಪಳಗಿದ್ದರು. ಇಬ್ಭಾಗ ಮಾಡುವುದು ಕೈಗೆ ಸುಲಭ. ಕಾಳಿನ ರಾಶಿಯನ್ನು ಎರಡು ಸಮಪಾಲು ಮಾಡಲು ಕಣ್ಣೇ ಸಾಕು, ಹತ್ತು ಪಾಲು ಮಾಡಲು ಪಂಚಾಯಿತಿಯೇ ಕೂಡಬೇಕಾದೀತು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯೆಂದು ಗೊತ್ತಾಗಿ ಆಣೆಗಳು ಮರೆಯಾದವು. ಆದರೂ ಪೂರ್ಣಸತ್ಯವನ್ನು ಇಂದಿಗೂ ಹದಿನಾರಾಣೆ ಸತ್ಯವೆನ್ನುವೆವೇ ಹೊರತು ನೂರು ಪೈಸೆ ಸತ್ಯವೆನ್ನುವುದಿಲ್ಲ.

ತಕ್ಕಡಿಯ ಒಂದು ಪ್ರಶ್ನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಿಂಧನೂರಿನ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಬಳಿ ಐದೇ ತೂಕದ ಕಲ್ಲುಗಳಿವೆಯೆಂದು ಭಾವಿಸಿರಿ. ಕಲ್ಲುಗಳನ್ನು ಒಂದೇ ತಟ್ಟೆಯಲ್ಲಿಟ್ಟು ಒಂದು ಕಿಲೋವಿನಿಂದ ಮೂವತ್ತೊಂದು ಕಿಲೋವಿನ ವರೆಗೆ ಯಾವ ತೂಕದ ಅಕ್ಕಿಯನ್ನಾದರೂ ತೂಗಬೇಕು. ಕಲ್ಲುಗಳು ಯಾವುವು? ಉತ್ತರವು ೧, ೨, ೪, ೮, ೧೬. ಒಂದೊಂದು ಕಲ್ಲನ್ನು ಇಡಬೇಕೋ ಬಿಡಬೇಕೋ ಎಂಬುದನ್ನು ಬರೆದುಕೊಂಡರೆ ಅದೇ ದ್ವಿಮಾನ ಸಂಖ್ಯೆ.

ಇನ್ನು ನನಗೆ ಬಹು ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಹತ್ತನೆಯ ತರಗತಿಯು ಮುಗಿಯುವ ಹೊತ್ತಿಗೆ ಪೋಷಕರು ಬಂದು ಮಗಳು ಮುಂದೆ ಯಾವ ವಿಭಾಗವನ್ನು ಹಿಡಿಯಬೇಕೆಂದು ಕೇಳುವ ವಾಡಿಕೆಯುಂಟು. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆಯವರು ಬಂದು, "ಅಕ್ಕಾವ್ರ, ನಮ್ಮ ಹುಡುಗಿಗೆ ಕನ್ನಡ ಭಾಳ ಚಲೋ ಬರ್ತದ. ಲೆಕ್ಕ ಅಂದ್ರ ಮಾತ್ರ ಜ್ವರ ಬರ್ತದ. ಹೆಣ್ಣುಹುಡುಗಿಗೆ ಲೆಕ್ಕ ಯಾಕ, ಬಿಡಿಸಿಬಿಡ್ರಿ" ಎಂದರು. ಹುಡುಗಿಯು ಬಾಗಿಲ ಬಳಿಯಲ್ಲಿ ತಲೆತಗ್ಗಿಸಿ ನಿಂತಿದ್ದಳು. ಪದ್ಯಕ್ಕೆ ಪ್ರಸ್ತಾರ ಹಾಕುವುದರಲ್ಲಿ ತರಗತಿಯಲ್ಲಿ ಅವಳಿಗೆ ಸಮಾನರಿರಲಿಲ್ಲ. ನಾನು ಅವಳ ಕನ್ನಡದ ಪುಸ್ತಕವನ್ನೇ ತರಿಸಿ, ಲಘುವಿರುವಲ್ಲಿ ಸೊನ್ನೆಯನ್ನೂ ಗುರುವಿರುವಲ್ಲಿ ಒಂದನ್ನೂ ಬರೆಯೆಂದೆನು. ಐದು ನಿಮಿಷದೊಳಗೆ ಒಂದು ಪುಟ ತುಂಬಿತು. "ಇದು ಲೆಕ್ಕವೇ" ಎಂದಾಗ ತಂದೆಯವರು ನಂಬಲಿಲ್ಲ; ಹುಡುಗಿಯು ನಂಬಿದಳು.

ವಿಷಯವು ಹೀಗಿದೆ. ಲಘುವೂ ಗುರುವೂ ಎರಡೇ ಗುರುತುಗಳು. ಮೂರು ಅಕ್ಷರಗಳಿಗೆ ಒಂದು ಗಣವಾದರೆ ಗಣಗಳು ಎಷ್ಟಾಗಬೇಕು? ಮೊದಲನೆಯ ಅಕ್ಷರಕ್ಕೆ ಎರಡು ಸಾಧ್ಯತೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಎರಡು, ಒಟ್ಟು ಎಂಟು. ಅದಕ್ಕಾಗಿಯೇ ಅಕ್ಷರಗಣಗಳು ಎಂಟು, ಏಳೂ ಅಲ್ಲ, ಒಂಬತ್ತೂ ಅಲ್ಲ. ಅವುಗಳನ್ನು ನೆನಪಿಡುವುದಕ್ಕಾಗಿ ನಾವೆಲ್ಲರೂ ಕಂಠಪಾಠ ಮಾಡಿದ ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ಈಗ ಅಂಕೆಗಳಲ್ಲಿ ಬರೆದು ನೋಡಿರಿ: ೦೧೧೧೦೧೦೦೦೧. ಎಲ್ಲಿಂದ ಪ್ರಾರಂಭಿಸಿ ಮೂರು ಅಂಕೆಗಳನ್ನು ಓದಿದರೂ ಒಂದು ಗಣವು ದೊರೆಯುವುದು. ೦೧೧ ಯಗಣ, ೧೧೧ ಮಗಣ, ೧೧೦ ತಗಣ, ೧೦೧ ರಗಣ, ೦೧೦ ಜಗಣ, ೧೦೦ ಭಗಣ, ೦೦೦ ನಗಣ, ೦೦೧ ಸಗಣ. ಎಂಟು ಗಣಗಳೂ ಬಂದುವು. ಯಾವುದೂ ಎರಡು ಸಲ ಬರಲಿಲ್ಲ, ಯಾವುದೂ ಬಿಟ್ಟುಹೋಗಲಿಲ್ಲ. ಕೊನೆಯ ೦೧ ಮೊದಲಿನ ೦೧ರಂತೆಯೇ ಇರುವುದರಿಂದ ಇದನ್ನು ಎಂಟು ಮಣಿಗಳ ಸರವಾಗಿಯೂ ಪೋಣಿಸಬಹುದು. ಇಂಥ ಸರಗಳನ್ನು ಇಂದಿನ ಗಣಿತಜ್ಞರು ಡಚ್ ದೇಶದ ದ ಬ್ರೈನ್ ಎಂಬವರ ಹೆಸರಿನಿಂದ ಕರೆಯುತ್ತಾರೆ. ನಮ್ಮ ಮಕ್ಕಳು ಅದನ್ನು ವ್ಯಾಕರಣದ ಕಾಟವೆಂದು ಕರೆಯುತ್ತಾರೆ.

ಇದರೊಳಗೆ ಕನ್ನಡದ ಒಂದು ವಿನೋದವೂ ಇದೆ. ನಾವು ಅಂಕೆಯ ಶೂನ್ಯವನ್ನೂ ಸೊನ್ನೆಯೆನ್ನುತ್ತೇವೆ, ಅಕ್ಷರದ ಮುಂದಿನ ಅನುಸ್ವಾರವನ್ನೂ ಸೊನ್ನೆಯೆನ್ನುತ್ತೇವೆ. 'ಗ' ಎಂಬುದು ಲಘು. ಅದಕ್ಕೆ ಸೊನ್ನೆ ತಗಲಿದೊಡನೆ 'ಗಂ' ಎಂದು ಗುರುವಾಗುವುದು. ಹಾಗೆಯೇ ಒಂದರ ಬಲಕ್ಕೆ ಸೊನ್ನೆ ಬಂದೊಡನೆ ದಶಮಾನದಲ್ಲಿ ಹತ್ತಾಗುವುದು, ದ್ವಿಮಾನದಲ್ಲಿ ಎರಡಾಗುವುದು. ತನಗೆ ತೂಕವಿಲ್ಲದಿದ್ದರೂ ಪಕ್ಕದವರ ತೂಕವನ್ನು ಹೆಚ್ಚಿಸುವುದು ಎರಡು ಸೊನ್ನೆಗಳಿಗೂ ಸಮಾನವಾದ ಗುಣ.

ಪಿಂಗಲನೆಂಬ ಛಂದಶ್ಶಾಸ್ತ್ರಜ್ಞನು ಎರಡು ಸಾವಿರ ವರ್ಷಗಳಿಗೂ ಹಿಂದಿನವನೆಂದು ಹೇಳುವರು. ಅವನ ಪರಂಪರೆಯಲ್ಲಿ ಗಣಗಳ ಕ್ರಮವು ಮ, ಯ, ರ, ಸ, ತ, ಜ, ಭ, ನ ಎಂದು. ಆ ಸಾಲಿನಲ್ಲಿ ಆರನೆಯ ಗಣದ ರೂಪವೇನೆಂದು ಪಟ್ಟಿಯನ್ನು ನೋಡದೆ ಹೇಳುವುದಕ್ಕೆ 'ನಷ್ಟ'ವೆಂಬ ವಿಧಾನವಿದೆ. ಸಂಖ್ಯೆಯು ಸಮವಾದರೆ ಲಘುವನ್ನು ಬರೆದು ಅರ್ಧಿಸಬೇಕು. ಬೆಸವಾದರೆ ಗುರುವನ್ನು ಬರೆದು ಒಂದನ್ನು ಕೂಡಿಸಿ ಅರ್ಧಿಸಬೇಕು. ಆರು ಸಮ, ಲಘು, ಅರ್ಧ ಮೂರು. ಮೂರು ಬೆಸ, ಗುರು. ಒಂದು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ, ಲಘು. ಲಘು, ಗುರು, ಲಘು: ಜಗಣ. ಆರನೆಯದು ಅದೇ. ಗಣಕಯಂತ್ರಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ದಶಮಾನದಿಂದ ದ್ವಿಮಾನಕ್ಕೆ ತಿರುಗಿಸಲು ಮೊದಲನೆಯ ವಾರದಲ್ಲಿ ಹೇಳಿಕೊಡುವುದೂ ಅರ್ಧಿಸಿ ಸಮ ಬೆಸಗಳನ್ನು ನೋಡುವ ಇಂಥ ವಿಧಾನವನ್ನೇ.

ಉತ್ಪಲಮಾಲೆಯನ್ನು ತೆಗೆದುಕೊಳ್ಳಿರಿ. ಪಾದಕ್ಕೆ ಇಪ್ಪತ್ತು ಅಕ್ಷರ. ಭ ರ ನ ಭ ಭ ರ ಗಣಗಳು, ಕೊನೆಗೊಂದು ಲಘು, ಒಂದು ಗುರು. ಅಂಕೆಗಳಲ್ಲಿ ೧೦೦ ೧೦೧ ೦೦೦ ೧೦೦ ೧೦೦ ೧೦೧ ೦೧. ಇಪ್ಪತ್ತು ಅಕ್ಷರಗಳ ಪಾದದಲ್ಲಿ ಲಘುಗುರುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಎರಡನ್ನು ಇಪ್ಪತ್ತು ಸಲ ಇಟ್ಟು ಗುಣಿಸಬೇಕು. ಪಿಂಗಲನು ಇದಕ್ಕೂ ಅಡ್ಡದಾರಿಯನ್ನು ತೋರಿಸಿದ್ದಾನೆ. ಇಪ್ಪತ್ತನ್ನು ಅರ್ಧಿಸುತ್ತ ಹೋಗಿ, ಬೆಸ ಬಂದಲ್ಲಿ ಒಂದನ್ನು ಕಳೆದು, ಮರಳಿ ಮೇಲಕ್ಕೆ ಬರುವಾಗ ವರ್ಗ ಮಾಡುತ್ತ ಬರುವುದು. ೨, ೪, ೧೬, ೩೨, ೧೦೨೪, ೧೦೪೮೫೭೬. ಹತ್ತೊಂಬತ್ತು ಗುಣಾಕಾರಗಳ ಕೆಲಸವು ಐದರಲ್ಲಿ ಮುಗಿಯಿತು. ಹತ್ತು ಲಕ್ಷವನ್ನು ಮೀರಿದ ಈ ವೃತ್ತಗಳಲ್ಲಿ ಪಂಪ, ರನ್ನ ಮೊದಲಾದ ಕವಿಗಳ ಕಿವಿಯು ಬಹುವಾಗಿ ಮೆಚ್ಚಿ ಬಳಸಿದ್ದು ಉತ್ಪಲಮಾಲೆ, ಮತ್ತೇಭವಿಕ್ರೀಡಿತ ಎಂಬ ಎರಡನ್ನೇ. ಲೆಕ್ಕವು ಎಲ್ಲವನ್ನೂ ಎಣಿಸಿ ತೋರಿಸುವುದು. ಆರಿಸಿಕೊಳ್ಳುವುದು ಕವಿಯ ಕೆಲಸ.

ಈ ವಿದ್ಯೆಯು ನಮ್ಮ ಸೀಮೆಗೆ ದೂರವಾಗಿದ್ದುದೂ ಅಲ್ಲ. ಮಹಾವೀರಾಚಾರ್ಯನು ಸುಮಾರು ೮೫೦ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಬರೆದು, ಛಂದಸ್ಸಿನ ಪ್ರಸ್ತಾರದ ಲೆಕ್ಕಕ್ಕೂ ಅದರಲ್ಲಿ ಎಡೆಗೊಟ್ಟನು. ಆ ಚಕ್ರವರ್ತಿಯ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯು ಕನ್ನಡ ಛಂದಸ್ಸಿಗೆ ಆಧಾರಗ್ರಂಥ. ಅದನ್ನು ಓಲೆಗರಿಗಳಿಂದ ಸಂಪಾದಿಸಿ ೧೮೭೫ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು ಬಾಸೆಲ್ ಮಿಶನ್ನಿನ ಫೆರ್ಡಿನಂಡ್ ಕಿಟ್ಟೆಲರು. ೧೮೯೪ರ ನಿಘಂಟಿನಿಂದ ಅವರನ್ನು ಬಲ್ಲವರು ಅನೇಕರು. ಛಂದೋಂಬುಧಿಯ ಉಪಕಾರವನ್ನು ನೆನೆಯುವವರು ಕೆಲವರೇ.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಪಿಂಗಲನೇ ಗಣಕಯಂತ್ರದ ಜನಕನೆಂದು ಸಾರುವವರು ಈಗ ಹೆಚ್ಚಾಗಿದ್ದಾರೆ. ಅವನು ಲಘುಗುರುಗಳನ್ನು ಕ್ರಮವಾಗಿ ಸಾಲಿಡುವುದನ್ನೂ, ಸಂಖ್ಯೆಯಿಂದ ಸಾಲನ್ನು, ಸಾಲಿನಿಂದ ಸಂಖ್ಯೆಯನ್ನು ತಿಳಿಯುವುದನ್ನೂ ಕಲಿಸಿದನು. ಆ ಗುರುತುಗಳಲ್ಲಿ ಕೂಡುವ, ಗುಣಿಸುವ ಅಂ‌ಕಗಣಿತವನ್ನು ಬರೆಯಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದರೇ ಅವನ ಕೀರ್ತಿಗೆ ಸಾಕಷ್ಟಾಯಿತು.

ಆ ಅಂಕಗಣಿತವನ್ನು ಅಚ್ಚಿನಲ್ಲಿ ವಿವರಿಸಿ ಪ್ರಸಿದ್ಧಿಗೆ ತಂದವರು ಜರ್ಮನಿಯ ಲೈಬ್‌ನಿತ್ಸರು. ಅವರ ಲೇಖನವು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ೧೭೦೩ನೆಯ ವರ್ಷದ ಸಂಪುಟದಲ್ಲಿದೆ. ಅದಕ್ಕೂ ಮೊದಲು, ೧೬೯೭ರ ಹೊಸವರ್ಷದಲ್ಲಿ, ಅವರು ಬ್ರೌನ್‌ಶ್ವೈಗಿನ ಡ್ಯೂಕರಿಗೆ ಕಾಗದ ಬರೆದು, ಒಂದು ಮತ್ತು ಸೊನ್ನೆಗಳಿಂದ ಸಕಲ ಸಂಖ್ಯೆಗಳೂ ಹುಟ್ಟುವುದು ದೇವರು ಶೂನ್ಯದಿಂದ ಲೋಕವನ್ನು ಸೃಷ್ಟಿಸಿದ್ದಕ್ಕೆ ಹೋಲುವುದೆಂದು ಹೇಳಿ, ಈ ಭಾವವುಳ್ಳ ಪದಕದ ನಕ್ಷೆಯನ್ನು ಸೂಚಿಸಿದರು. ಇದು ಸೊಗಸಾದ ದೃಷ್ಟಾಂತವೇ ಹೊರತು ಪ್ರಮಾಣವಲ್ಲ. ಆದಿಕಾಂಡದ ಮಾತಿಗೆ ಲೆಕ್ಕದ ಊರುಗೋಲು ಬೇಕಾಗಿಲ್ಲ. ಚೀನಾದಲ್ಲಿದ್ದ ಬೂವೆ ಎಂಬ ಜೆಸುಯಿತ ಪಾದ್ರಿಗಳು ಆ ದೇಶದ ಪ್ರಾಚೀನ ಗ್ರಂಥವೊಂದರ ಅರುವತ್ತನಾಲ್ಕು ಗೆರೆಚಿತ್ರಗಳನ್ನು ಅವರಿಗೆ ಕಳುಹಿಸಿದರು. ಆರು ಗೆರೆಗಳು, ಒಂದೊಂದೂ ಇಡಿಯಾದದ್ದು ಅಥವಾ ಮುರಿದದ್ದು. ಚದುರಂಗದ ಮನೆಗಳೂ ಅರುವತ್ತನಾಲ್ಕು. ಆರು ಚುಕ್ಕೆಗಳ ಬ್ರೈಲ್ ಲಿಪಿಯಲ್ಲಿ, ಏನೂ ಇಲ್ಲದ ಮನೆಯನ್ನು ಸೇರಿಸಿ, ಸಾಧ್ಯವಾದ ರೂಪಗಳೂ ಅರುವತ್ತನಾಲ್ಕು.

೧೮೫೪ರಲ್ಲಿ ಜಾರ್ಜ್ ಬೂಲರು ಹೌದು ಅಲ್ಲಗಳ ತರ್ಕವನ್ನೇ ಬೀಜಗಣಿತವಾಗಿ ಮಾಡಿದರು. ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ನರು ವಿದ್ಯುತ್ತಿನ ಗುಂಡಿಗಳ ಜೋಡಣೆಯಿಂದ ಆ ಬೀಜಗಣಿತವನ್ನು ನಡೆಯಿಸಬಹುದೆಂದು ತೋರಿಸಿದರು. ಯಂತ್ರಕ್ಕೆ ಎರಡೇ ಅಂಕೆ ಏಕೆ ಹಿತವೆಂಬುದು ನಮ್ಮ ಹಳ್ಳಿಗಳಲ್ಲಿ ವಿದ್ಯುದ್ದೀಪವನ್ನು ಕಂಡವರಿಗೆ ಹೊಳೆಯುವುದು ಕಷ್ಟವಲ್ಲ. ದೀಪವು ಮಂಕಾಗಿ ಉರಿಯುವ ಸಾಯಂಕಾಲ ಅದರ ಬೆಳಕು ಹತ್ತರಲ್ಲಿ ಆರನೆಯ ಮಟ್ಟದ್ದೋ ಏಳನೆಯದೋ ಎಂದು ನಿರ್ಣಯಿಸಲಾಗದು. ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಮಗುವೂ ಹೇಳಬಲ್ಲದು. ಹಾಗಿದ್ದರೂ ೧೯೪೬ರಲ್ಲಿ ಫಿಲಡೆಲ್ಫಿಯದಲ್ಲಿ ಪ್ರಕಟವಾದ ಎನಿಯಾಕ್ ಎಂಬ ಮಹಾಯಂತ್ರವು ಹತ್ತರಂತೆಯೇ ಎಣಿಸುತ್ತಿತ್ತು. ಅದಕ್ಕೆ ಲೆಕ್ಕದ ಕ್ರಮಗಳನ್ನು ಹೊಂದಿಸಿಕೊಟ್ಟವರು ಆರು ಮಂದಿ ಸ್ತ್ರೀಯರೆಂಬುದನ್ನು, ಹೆಣ್ಣುಹುಡುಗಿಗೆ ಲೆಕ್ಕವೇಕೆಂದು ಕೇಳುವ ತಂದೆಯವರು ದಯವಿಟ್ಟು ಎರಡು ಸಲ ಓದಬೇಕು. ಸೊನ್ನೆ ಅಥವಾ ಒಂದು ಎಂಬ ಒಂದು ಅಂಕೆಗೆ ಬಿಟ್ ಎಂದು ಹೆಸರು; ಆ ಮಾತು ಅಚ್ಚಿಗೆ ಬಂದದ್ದು ೧೯೪೮ರಲ್ಲಿ. ಎಂಟು ಬಿಟ್ಟುಗಳು ಕೂಡಿದರೆ ಒಂದು ಬೈಟ್. ಅದು ತಾಳಬಲ್ಲ ರೂಪಗಳು ಬ್ರಹ್ಮಗಿರಿಯ ಬಂಡೆಯ ಮೇಲಿರುವಷ್ಟೇ.

ಮನೆಯಲ್ಲಿ ಮಕ್ಕಳೊಡನೆ ಆಡಬಹುದಾದ ಒಂದು ಆಟವನ್ನು ತಿಳಿಸುತ್ತೇನೆ. ಐದು ರಟ್ಟಿನ ಚೀಟಿಗಳನ್ನು ತೆಗೆದುಕೊಂಡು ಅವುಗಳ ತಲೆಯಲ್ಲಿ ೧, ೨, ೪, ೮, ೧೬ ಎಂದು ಬರೆಯಿರಿ. ಬಳಿಕ ಒಂದರಿಂದ ಮೂವತ್ತೊಂದರ ವರೆಗಿನ ಒಂದೊಂದು ಸಂಖ್ಯೆಯನ್ನೂ ಅದು ಯಾವ ಕಲ್ಲುಗಳಿಂದ ತೂಗುವುದೋ ಆ ಚೀಟಿಗಳಲ್ಲೆಲ್ಲ ಬರೆಯಿರಿ. ೨೨ ಎಂಬುದು ೧೬, ೪, ೨ ಕೂಡಿದ್ದಾದುದರಿಂದ ಆ ಮೂರರಲ್ಲಿ ಬರುವುದು. ಒಂದೊಂದು ಚೀಟಿಯಲ್ಲಿಯೂ ಹದಿನಾರು ಸಂಖ್ಯೆಗಳಾಗುವುವು. ನೆರೆಮನೆಯವರು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದು ಇರುವ ಚೀಟಿಗಳನ್ನು ಮಾತ್ರ ನಿಮ್ಮ ಕೈಗೆ ಕೊಡಲಿ. ತಲೆಯ ಅಂಕೆಗಳನ್ನು ಕೂಡಿಸಿ ಸಂಖ್ಯೆಯನ್ನು ಹೇಳಿರಿ. ವಸತಿಗೃಹದ ಬಾಲಿಕೆಯರು ಇದನ್ನು ಮನಸ್ಸನ್ನು ಓದುವ ವಿದ್ಯೆಯೆಂದು ಹೊಸಬರಿಗೆ ತೋರಿಸಿ ಬೆರಗುಗೊಳಿಸುವರು. ಹೊಸಬರು ಮರುವರ್ಷ ತಮಗಿಂತ ಹೊಸಬರಿಗೆ ತೋರಿಸುವರು.

ಮೊದಲಿನ ಚಟಾಕಿಯ ಬಳಗದವು ಇನ್ನೆರಡುಂಟು. ಒಂದು ಹೀಗೆ: "ಲೋಕದಲ್ಲಿ ಜನರು ೧೦ ಬಗೆಯವರು: ದ್ವಿಮಾನವನ್ನು ಬಲ್ಲವರು, ಅರಿಯದವರು, ಇದು ತ್ರಿಮಾನವೆಂದು ಎಣಿಸದೆ ಇದ್ದವರು." ಮೂರು ಮೂರರಂತೆ ಕಟ್ಟಿದರೆ ೧೦ ಎಂಬುದು ಮೂರೇ ಆಗುವುದರಿಂದ ಲೆಕ್ಕವು ಸರಿ. ಇನ್ನೊಂದು ನಮ್ಮ ಹಬ್ಬಕ್ಕೆ ಸಂಬಂಧಪಟ್ಟದ್ದು. ಗಣಕಯಂತ್ರದವರಿಗೆ ಅಕ್ಟೋಬರ್ ೩೧ಕ್ಕೂ ಕ್ರಿಸ್ಮಸ್ಸಿಗೂ ಭೇದ ತಿಳಿಯದು, ಏಕೆ? ಎಂಟೆಂಟರಂತೆ ಕಟ್ಟಿ ೩೧ ಎಂದು ಬರೆದರೆ ಮೂರು ಎಂಟು ಇಪ್ಪತ್ತನಾಲ್ಕು, ಬಿಡಿ ಒಂದು. ದಶಮಾನದಲ್ಲಿ ಅದು ೨೫. ಲತ್ತೀನಿನಲ್ಲಿ ಎಂಟಕ್ಕೆ ಅಕ್ಟೋ, ಹತ್ತಕ್ಕೆ ದೆಕೆಮ್; ರೋಮಿನವರ ಪುರಾತನ ಪಂಚಾಂಗದಲ್ಲಿ ಅಕ್ಟೋಬರು ಎಂಟನೆಯ ತಿಂಗಳೂ ಡಿಸೆಂಬರು ಹತ್ತನೆಯ ತಿಂಗಳೂ ಆಗಿದ್ದುವು. ಆದಕಾರಣ ಎಂಟರ ಮಾನದ ೩೧ ಹತ್ತರ ಮಾನದ ೨೫ಕ್ಕೆ ಸಮ.

ಕನ್ನಡದ ಅಕ್ಷರಗಳೂ ಈಗ ಸೊನ್ನೆ ಒಂದುಗಳ ವೇಷದಲ್ಲಿಯೇ ದೂರವಾಣಿಯಿಂದ ದೂರವಾಣಿಗೆ ಸಂಚರಿಸುತ್ತವೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡಕ್ಕೆ ೧೨೮ ಮನೆಗಳು ದೊರೆತಿವೆ. ಅದರಂತೆ 'ವ' ಎಂಬ ಅಕ್ಷರದ ಸಂಖ್ಯೆಯು ೩೨೫೩, ದ್ವಿಮಾನದಲ್ಲಿ ೧೧೦೦೧೦೧೧೦೧೦೧. ನಮ್ಮ ನೆರೆಯ ವಳಕಮದಿನ್ನಿಯ ಹೆಸರನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ವ, ಳ, ಕ, ಮ, ದ, ಗುಡಿಸು, ನ, ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಗುರುತು, ಮತ್ತೆ ನ, ಮತ್ತೆ ಗುಡಿಸು ಎಂದು ಸರಿಯಾಗಿ ಹತ್ತು ಸಂಕೇತಗಳಾಗಿ ಬಿಡಿಸಿಟ್ಟುಕೊಳ್ಳುವುದು. ಆ ಊರಿನಿಂದ ಬರುವ ಬಾಲಿಕೆಯೊಬ್ಬಳಿಗೆ ಇದನ್ನು ತೋರಿಸಿದಾಗ ಅವಳು ಯಂತ್ರವನ್ನು ಬದಿಗಿಟ್ಟು ಹೆಸರಿಗೇ ಪ್ರಸ್ತಾರ ಹಾಕಿದಳು. ವ, ಳ, ಕ, ಮ ನಾಲ್ಕೂ ಲಘು, ಒತ್ತಕ್ಷರದ ಹಿಂದಿನ ದಿ ಗುರು, ನ್ನಿ ಲಘು. ಅಂಕೆಗಳಲ್ಲಿ ೦೦೦೦೧೦. ಎಡಗಡೆಯ ಸೊನ್ನೆಗಳಿಗೆ ಬೆಲೆಯಿಲ್ಲವೆಂದು ಅಳಿಸಿದಳು. ಹಲಗೆಯ ಮೇಲೆ ೧೦ ಉಳಿಯಿತು. "ಟೀಚರ್, ನಮ್ಮೂರಾಗ ಎಷ್ಟು ಬಗೀ ಮಂದಿ ಅದಾರಂತ ಈಗ ಗೊತ್ತಾತು" ಎಂದಳು.